ಅವ್ವನಿಗೆ ಎಟುಕದ ಹಾಡು

ಅವ್ವ ವಿಶಾಖಪಟ್ಟಣದ ನಮ್ಮ ಮನೆಗೆ ಬಂದಾಗ ಅವಳ ಸಾಮಾನಿನ ಜೊತೆ ಅಪ್ಪನ ರೆಕಾರ್ಡ್ ಪ್ಲೇಯರೂ ಬಂತು. ಅಪ್ಪ ತೀರಿಕೊಂಡ ಮೇಲೆ ಅದು ಹುಬ್ಬಳ್ಳಿಯ ಅಣ್ಣನ ಮನೆಯಲ್ಲಿ ಹಳೆಯ ಸೀರೆ ಸುತ್ತಿಕೊಂಡು ಅಟ್ಟ ಹತ್ತಿತ್ತು. ಮನೆಗೆ ಬಣ್ಣ ಹಚ್ಚಿಸುವಾಗ ಅಣ್ಣ ಕೆಳಗಿಳಿಸಿದ್ದ. ಅವ್ವ ಮತ್ತೆ ಮೇಲಕ್ಕೆ ಹತ್ತಿಸಲು ಬಿಡಲಿಲ್ಲ.

"ನಿಮ್ಮಲ್ಲೆ ಹೊಸಾ ಸ್ಟೀರಿಯೋ ತಂದೀರಿ ಅಂದಿದ್ದೆಲ್ಲ, ಅದಕ್ಕ ಹಚ್ಚಿ ನೋಡೋಣು" ಎಂದು ರೈಲಿನಿಂದ ಇಳಿಯುತ್ತಲೇ ಹೇಳಿದಳು. ಊಟ, ಸ್ನಾನ, ಪ್ರಯಾಣದ ಆಯಾಸ ಯಾವುದರ ಮಾತೂ ಇಲ್ಲ.

ನನ್ನ ಗಂಡ ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ಕೊಂಡು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವರು ಮೈಸೂರಿನವರು, ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ. ಹೊಸ ವಸ್ತು ಬಂದರೆ ಅದರ ಜೊತೆ ಬರುವ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೂ ಓದುವ ಮನುಷ್ಯ. ಆ ಭಾನುವಾರ ಅವರು ಪ್ಲೇಯರಿನ ಧೂಳು ಒರೆಸಿ, ಹಿಂದಿನಿಂದ ಹೊರಟ ಕೆಂಪು ಮತ್ತು ಬಿಳಿ ತಂತಿಗಳನ್ನು ಆಂಪ್ಲಿಫೈಯರಿನ ಬೆನ್ನಿಗೆ ಸಿಕ್ಕಿಸಿದರು. ಅವ್ವ ಬ್ಯಾಗಿನಿಂದ ಒಂದು ರೆಕಾರ್ಡು ತೆಗೆದು, ಸೆರಗಿನಿಂದ ಒರೆಸಿ, ತಾನೇ ಇಟ್ಟಳು. ದಾಸರ ಪದಗಳ ರೆಕಾರ್ಡು ಅದು. ನಮ್ಮ ಮನೆಯಲ್ಲಿ ಇದ್ದ ಹತ್ತಾರು ರೆಕಾರ್ಡುಗಳಲ್ಲಿ ಅತಿ ಹೆಚ್ಚು ಸವೆದದ್ದು.

ಮುಳ್ಳು ಇಳಿಯಿತು. ಏನೂ ಕೇಳಿಸಲಿಲ್ಲ.

ಬಗ್ಗಿ ಕಿವಿಕೊಟ್ಟರೆ ತಿರುಗುವ ರೆಕಾರ್ಡಿನ ಹತ್ತಿರವೇ ಸೊಳ್ಳೆಯಂಥ ಒಂದು ದನಿ. ಸ್ಪೀಕರಿನಲ್ಲಿ ಅದಕ್ಕಿಂತ ತುಸು ಜಾಸ್ತಿ. ನನ್ನ ಗಂಡ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಹಾಡು ಪಕ್ಕದ ಫ್ಲ್ಯಾಟಿನವರ ರೇಡಿಯೊದಂತೆ ಸಣ್ಣಗೆ ಕೇಳಿತು. ಅದರ ಮೇಲೆ ಗುಂಯ್ ಎಂಬ ಗುಂಗು ಕೋಣೆ ತುಂಬಿತು.

"ಇದೇನ ಹಿಂಗ, ಡಬ್ಬಿಯೊಳಗ ಕುಂತು ಹಾಡಿದಂಗ?" ಎಂದಳು ಅವ್ವ.

"ಅತ್ತೆ, ಪ್ಲೇಯರ್ ಹಳೇದಾಯ್ತಲ್ಲ. ಮುಳ್ಳು ಸವೆದಿರಬೇಕು" ಎಂದರು ಇವರು.

ಅದೇ ತೂತಿಗೆ ಫೋನನ್ನು ಸಿಕ್ಕಿಸಿ ನೋಡಿದೆವು. ಕಿಟಕಿ ಗಾಜು ಅದುರುವಂತೆ ಹಾಡಿತು. ಅಲ್ಲಿಗೆ ಆಂಪ್ಲಿಫೈಯರಾಗಲಿ ಸ್ಪೀಕರಾಗಲಿ ಕೆಟ್ಟಿಲ್ಲ ಎಂದಾಯಿತು. ತಂತಿ ಬದಲಿಸಿದೆವು. ಅದೇ ಸೊಳ್ಳೆ, ಅದೇ ಗುಂಗು. ಕೊನೆಗೆ ಉಳಿದದ್ದು ಪ್ಲೇಯರಿನ ಮೇಲಿನ ಅನುಮಾನ ಒಂದೇ. ಅವ್ವ ಅದನ್ನು ಒಪ್ಪಲು ತಯಾರಿರಲಿಲ್ಲ.

"ವಿಜಯವಾಡಾದಾಗ ಛಲೋ ಹಾಡ್ತಿತ್ತು. ಅಲ್ಲೆ ಬ್ಯಾರೆ ಡಬ್ಬಿ ಇತ್ತು, ಬೂದಿ ಬಣ್ಣದ್ದು. ಅದು ಪಿನ್ನಿ ಹತ್ರ ಅದ ಇನ್ನೂ."

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಅಪ್ಪನೂ ನನ್ನ ಹಾಗೆ ಬ್ಯಾಂಕಿನವರೇ. ಇಂದ್ರಕೀಲಾದ್ರಿಯ ಬುಡದ ಹಳೆಯ ಊರಿನಲ್ಲಿ ಒಂದು ಮಹಡಿ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ಕೆಳಗಿನ ಮನೆಯಲ್ಲಿ ಮಾಲೀಕರ ಸಂಸಾರ. ಮಾಲೀಕರ ಹೆಂಡತಿ ಅವ್ವನನ್ನು ಅಕ್ಕಾ ಎನ್ನುತ್ತಿದ್ದುದರಿಂದ ನಮಗೆ ಆಕೆ ಪಿನ್ನಿ, ಎಂದರೆ ಚಿಕ್ಕಮ್ಮ. ಬಂದ ಹೊಸದರಲ್ಲಿ ಅವ್ವನಿಗೆ ತೆಲುಗು ಬಾರದು, ಪಿನ್ನಿಗೆ ಕನ್ನಡ ಬಾರದು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಾ ತಂತಮ್ಮ ಭಾಷೆಯಲ್ಲಿ ಮಾತಾಡುತ್ತಲೇ ಹೋದರು. ವರ್ಷ ಕಳೆಯುವಷ್ಟರಲ್ಲಿ ಪಿನ್ನಿ ಧಾರವಾಡದ ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುತ್ತಿದ್ದರು.

ಆ ಊರಿನ ಬೇಸಿಗೆ ಮಧ್ಯಾಹ್ನಗಳು ಈಗಲೂ ನನ್ನ ಮೈಗೆ ನೆನಪಿವೆ. ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಬರೀ ನೆಲದ ಮೇಲೆ ಮಲಗುತ್ತಿದ್ದೆವು. ಬಿಸಿಲು ಇಳಿಯುವ ಹೊತ್ತಿಗೆ ಅವ್ವ ಎದ್ದು ಚಹಾಕ್ಕೆ ನೀರಿಟ್ಟು ರೆಕಾರ್ಡು ಹಚ್ಚುತ್ತಿದ್ದಳು. ಆ ಹಾಡು ಕೇಳಿದರೆ ನಮಗೆ ಎಚ್ಚರ. ಪಿನ್ನಿ ತಮ್ಮ ಲೋಟ ಹಿಡಿದು ಮೇಲೆ ಬರುತ್ತಿದ್ದರು. ಅವ್ವ ಮದುವೆಗೆ ಮುಂಚೆ ಒಬ್ಬ ಮಾಸ್ತರರ ಹತ್ತಿರ ನಾಲ್ಕಾರು ವರ್ಷ ಹಾಡು ಕಲಿತವಳು. ರೆಕಾರ್ಡಿನ ಜೊತೆ ತಾನೂ ಹಾಡುತ್ತಿದ್ದಳು. ಆದರೆ ಪಲ್ಲವಿ ದಾಟಿ ದನಿ ಮೇಲೆ ಏರುವ ಜಾಗ ಬಂತೆಂದರೆ ನಿಲ್ಲಿಸಿಬಿಡುತ್ತಿದ್ದಳು. "ಅಲ್ಲೆ ನಂಗ ಎಟಕೂದಿಲ್ಲವಾ" ಎಂದು ನಕ್ಕು ಚಹಾ ಸೋಸಲು ಹೋಗುತ್ತಿದ್ದಳು. ಅಪ್ಪ ಮನೆಯಲ್ಲಿದ್ದ ರಜೆಯ ದಿನವಾದರೆ, "ಅದಕ್ಕ ನೋಡು, ಆಕಿ ರೆಕಾರ್ಡ್ ಮ್ಯಾಲೆ, ನೀ ಒಲಿ ಮುಂದ" ಎಂದು ಚೇಷ್ಟೆ ಮಾಡುತ್ತಿದ್ದರು. ಅವ್ವನೂ ನಗುತ್ತಿದ್ದಳು. ಬರಬರುತ್ತಾ ಮೇಲಿನ ಜಾಗ ಬರುವ ಮುಂಚೆಯೇ ನಿಲ್ಲಿಸತೊಡಗಿದಳು. ಆಮೇಲೆ ಹಾಡುವುದನ್ನೇ ಬಿಟ್ಟಳು. ಯಾವಾಗ ಬಿಟ್ಟಳೆಂದು ನಾವು ಯಾರೂ ಗಮನಿಸಲಿಲ್ಲ. ಕೇಳುವುದನ್ನು ಮಾತ್ರ ಬಿಡಲಿಲ್ಲ.

ಮುಂದೆ ಅಪ್ಪನಿಗೆ ಬೆಳಗಾವಿಗೆ ವರ್ಗವಾದಾಗ ಆ ಬೂದು ಬಣ್ಣದ ಆಂಪ್ಲಿಫೈಯರನ್ನೂ ಸ್ಪೀಕರುಗಳನ್ನೂ ಪಿನ್ನಿಯ ಮನೆಗೇ ಕೊಟ್ಟು ಬಂದಿದ್ದರು. ಬಹಳ ತೂಕ, ಲಾರಿಯಲ್ಲಿ ಒಡೆಯುತ್ತದೆ ಎಂಬುದು ನೆಪ. ಅಳುತ್ತಿದ್ದ ಪಿನ್ನಿಗೆ ಏನಾದರೂ ಕೊಟ್ಟು ಬರಬೇಕೆಂದು ಅವ್ವನಿಗೆ ಅನಿಸಿತ್ತು.

ನಮ್ಮ ಸೊಳ್ಳೆ ಸಂಗೀತದ ನಂತರ ನನಗೆ ಬ್ಯಾಂಕಿನ ಕೆಲಸದ ಮೇಲೆ ವಿಜಯವಾಡಕ್ಕೆ ಹೋಗುವುದು ಬಂತು. ಅವ್ವ ತಾನೂ ಬರುತ್ತೇನೆಂದಳು. ಪ್ಲೇಯರೂ ಬರಬೇಕೆಂದಳು.

"ಅಲ್ಲ ಅತ್ತೆ, ಇದನ್ನ ಹೊತ್ಕೊಂಡು ಅಷ್ಟು ದೂರ ಯಾಕೆ?" ಎಂದು ಇವರು ತಡೆದರು.

"ಅಲ್ಲೆ ಹಾಡಿದ್ರ ಪ್ಲೇಯರ್ ಛಲೋ ಅದ ಅಂತ ಆತು. ಹಾಡಲಿಲ್ಲಂದ್ರ ಕೆಟ್ಟದ ಅಂತ ಆತು. ಸುಮ್ಮ ಕುಂತು ಅನುಮಾನ ಪಟ್ರ ಗೊತ್ತಾಗ್ತದೇನು?"

ಇವರು ತಾವೇ ತಂತಿಗಳನ್ನು ಬಿಚ್ಚಿಕೊಟ್ಟರು. ಹೀಗಾಗಿ ಬೆಳಗಿನ ರೈಲಿನಲ್ಲಿ ನಾನು, ಅವ್ವ, ನಮ್ಮಿಬ್ಬರ ನಡುವೆ ದುಪ್ಪಟಿಯಲ್ಲಿ ಸುತ್ತಿದ ಪ್ಲೇಯರು ಕೂತು ಹೊರಟೆವು. ಎದುರಿನ ಸೀಟಿನಾಕೆ ಮಗು ಮಲಗಿದೆಯೆಂದು ತಿಳಿದು ತುಂಬ ಹೊತ್ತು ಮೆಲ್ಲಗೆ ಮಾತಾಡುತ್ತಿದ್ದರು.

ಪಿನ್ನಿ ಬಾಗಿಲಲ್ಲೇ ನಿಂತಿದ್ದರು. ಅವ್ವನ ಎರಡೂ ಕೈ ಹಿಡಿದುಕೊಂಡು, "ಎಂತ ಸನ್ನಬಡ್ಡಾವಕ್ಕಾ! ಎಷ್ಟು ಸೊರಗೀರಿ! ಮಗಳು ಊಟ ಹಾಕೂದಿಲ್ಲೇನಂಡಿ?" ಎಂದು ನನ್ನತ್ತ ಕಣ್ಣು ಬಿಟ್ಟರು. ಅವರ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಮೇಲಿನ ನಮ್ಮ ಮನೆಯಲ್ಲಿ ಈಗ ಅವರ ಮಗನ ಸಂಸಾರ. ನಡುಮನೆಯ ಕಪಾಟಿನ ಮೇಲೆ ಆ ಬೂದು ಆಂಪ್ಲಿಫೈಯರ್ ಕೂತಿತ್ತು. ಅದಕ್ಕೆ ಒಂದು ಸಣ್ಣ ರೇಡಿಯೊ ಜೋಡಿಸಿದ್ದರು. ಸ್ಪೀಕರಿನ ಮೇಲೆ ಕ್ರೋಷದ ಹೊದಿಕೆ, ಅದರ ಮೇಲೆ ಹಿತ್ತಾಳೆಯ ನವಿಲು.

"ಬೆಳಗ್ಗೆ ಸುಪ್ರಭಾತ ಇದರಾಗೇ ಕೇಳ್ತೀನಿ ಅಕ್ಕಾ. ಇದು ಇಲ್ಲದಿದ್ರ ನಂಗ ಕಾಫಿ ಇಳಿಯೂದಿಲ್ಲ."

ಅವರು ಪೆಸರಟ್ಟು ದೋಸೆ ಹಾಕಿ ತಿನ್ನಿಸಿದ ಮೇಲೆ ನಾವು ನವಿಲನ್ನು ಇಳಿಸಿ ಪ್ಲೇಯರನ್ನು ಜೋಡಿಸಿದೆವು. ಆಂಪ್ಲಿಫೈಯರಿನ ಬೆನ್ನು ನೋಡಿದಾಗ ನನಗೆ ಮೊದಲ ಬಾರಿ ಒಂದು ಸಂಗತಿ ಹೊಳೆಯಿತು. ಅಲ್ಲಿ ರೇಡಿಯೊಗೆ ಬೇರೆ ತೂತು, ಟೇಪಿಗೆ ಬೇರೆ ತೂತು, ರೆಕಾರ್ಡಿಗೆ ಬೇರೆಯದೇ ತೂತು ಇತ್ತು. ನಮ್ಮ ಹೊಸ ಯಂತ್ರದ ಬೆನ್ನಿನಲ್ಲಿ ರೆಕಾರ್ಡಿನದೆಂಬ ತೂತೇ ಇರಲಿಲ್ಲ. ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ಅವರು ಎಲ್ಲೆಲ್ಲೋ ಓದಿ, ವಿಚಾರಿಸಿ, ಸ್ವಲ್ಪ ಹೊತ್ತಿನಲ್ಲೇ ಫೋನು ಮಾಡಿದರು.

"ನೋಡು, ಮುಳ್ಳಿನಿಂದ ಬರೋ ಸದ್ದು ತುಂಬ ಸಣ್ಣದಂತೆ. ಅದನ್ನ ಹಿಗ್ಗಿಸಿ, ತಗ್ಗಿನ ಸ್ವರಗಳನ್ನ ಸರಿ ಮಾಡಿ ಕೊಡೋ ಭಾಗ ಹಳೇ ಆಂಪ್ಲಿಫೈಯರ್ ಒಳಗೇ ಇರ್ತಿತ್ತು. ನಮ್ಮದರಲ್ಲಿ ಇಲ್ಲ. ಅದಕ್ಕೆ ಬೇರೆ ಸಣ್ಣ ಪೆಟ್ಟಿಗೆ ಸಿಗುತ್ತೆ, ಪ್ರೀ-ಆಂಪ್ ಅಂತ. ತರಿಸ್ತೀನಿ."

ಅವ್ವ ರೆಕಾರ್ಡು ಇಟ್ಟಳು. ಈ ಸಲ ದನಿ ಕೋಣೆ ತುಂಬ ಬಂತು, ಹಿಂದೆ ಸಣ್ಣಗೆ ಗುಂಗು ಇದ್ದರೂ. ಪಿನ್ನಿ ಕೈ ತಟ್ಟಿದರು. ಆದರೆ ಎಡಗಡೆಯ ಸ್ಪೀಕರು ಮೂಕ. ತಂತಿಗಳನ್ನು ಅದಲುಬದಲು ಮಾಡಿದೆ. ಈಗ ಎಡ ಹಾಡಿತು, ಬಲ ಮೂಕವಾಯಿತು. ಅಂದರೆ ದೋಷ ಸ್ಪೀಕರಿನದಲ್ಲ, ಪ್ಲೇಯರಿನಿಂದಲೇ ಒಂದು ಕಡೆಯ ದನಿ ಬರುತ್ತಿಲ್ಲ. ಮುಳ್ಳು ಕೂರುವ ತಲೆಯನ್ನು ಬಿಚ್ಚಿದರೆ ಒಳಗೆ ಕೂದಲಿನಷ್ಟು ಸಣ್ಣ ನಾಲ್ಕು ಬಣ್ಣದ ತಂತಿಗಳು. ಅದರಲ್ಲಿ ಒಂದು ಜಾರಿ ಹೊರಬಂದಿತ್ತು. ಪಿನ್ನಿಯ ಸೊಸೆಯ ಚಿಮುಟದಲ್ಲಿ ಉಸಿರು ಹಿಡಿದು ಒಳಗೆ ತಳ್ಳಿದೆ.

ಎರಡೂ ಕಡೆಯಿಂದ ಹಾಡು ಬಂದಾಗ ನನಗೆ ಆ ಮನೆಯ ಒದ್ದೆ ನೆಲದ ವಾಸನೆ ಬಂತು. ನೆಲ ಒಣಗಿತ್ತು, ಈಗ ಅದರ ಮೇಲೆ ಟೈಲ್ಸ್ ಇದೆ. ಆದರೂ ಬಂತು. ಅದೇ ಚುರುಕಾದ ದನಿ, ಹಕ್ಕಿಯಂತೆ ಮೇಲೆ ಹಾರುವ ದನಿ. ಪಿನ್ನಿ ಅವ್ವನ ಹೆಗಲಿಗೆ ಒರಗಿ ಕೂತಿದ್ದರು. ದನಿ ಮೇಲೇರುವ ಜಾಗ ಹತ್ತಿರ ಬರುತ್ತಿದ್ದಂತೆ ಪ್ಲೇಯರಿನೊಳಗಿಂದ ಟಪ್ ಎಂದು ಸದ್ದಾಯಿತು. ಹಾಡು ನರಳುತ್ತಾ ನಿಧಾನವಾಗಿ ನಿಂತುಹೋಯಿತು.

ತಿರುಗುವ ತಟ್ಟೆಯನ್ನು ಎತ್ತಿ ನೋಡಿದರೆ ಮೋಟಾರಿನಿಂದ ತಟ್ಟೆಗೆ ಸುತ್ತಿದ್ದ ರಬ್ಬರ್ ಬೆಲ್ಟು ತುಂಡಾಗಿ ಬಿದ್ದಿತ್ತು. ದಪ್ಪಗೆ, ಕರ್ರಗೆ, ಅಂಚು ಸೊಟ್ಟಸೊಟ್ಟ.

"ಅಯ್ಯೋ, ಇದು ಅಣ್ಣಯ್ಯಗಾರು ಮಾಡಿದ್ದು!" ಎಂದರು ಪಿನ್ನಿ. ಅಣ್ಣಯ್ಯಗಾರು ಎಂದರೆ ನನ್ನ ಅಪ್ಪ. "ಮೊದಲಿನದು ಹರೀತು ಅಂತ ಆಟೋನಗರ್ ಹೋಗಿ ಗಾಡಿ ಟೈರಿನ ಹಳೇ ಟ್ಯೂಬು ತಂದ್ರು. ಈ ಮೆಟ್ಟಿಲ ಮ್ಯಾಲೇ ಕುಂತು ನನ್ನ ಕತ್ತರಿಯಾಗ ಕತ್ತರಿಸಿದ್ರು. ನನ್ನ ಕತ್ತರಿ ಮೊಂಡಾತು ಅಂತ ನಾ ಜಗಳ ಮಾಡಿದ್ದೆ. ಜ್ಞಾಪಕ ಇಲ್ಲೇನಕ್ಕಾ?"

ಅವ್ವನಿಗೆ ಕತ್ತರಿಯ ಜಗಳ ನೆನಪಿತ್ತು, ಬೆಲ್ಟು ಮರೆತಿತ್ತು. ರೆಕಾರ್ಡು ತಂದ ಹೊಸದರಲ್ಲೇ ಅದು ನಡೆದದ್ದೆಂದು ಇಬ್ಬರೂ ಕೂಡಿ ಲೆಕ್ಕ ಹಾಕಿದರು.

ಆ ರಾತ್ರಿ ಪಿನ್ನಿ ಆಂಪ್ಲಿಫೈಯರನ್ನು ಒಯ್ಯಿರೆಂದು ಹಟ ಹಿಡಿದರು. ಅವ್ವ ಒಪ್ಪಲಿಲ್ಲ. "ನಿನ್ನ ಕಾಫಿ ಕೆಡಿಸಿ ನಾ ಏನ್ ಹಾಡು ಕೇಳಲಿ?" ಎಂದು ತಾನೇ ನವಿಲನ್ನು ಎತ್ತಿ ಹೊದಿಕೆಯ ಮೇಲೆ ಇಟ್ಟಳು. ಮರುದಿನ ಬೆಳಿಗ್ಗೆ ಇಬ್ಬರೂ ಬೆಟ್ಟಕ್ಕೆ ಹೋಗಿ ದುರ್ಗಮ್ಮನ ದರ್ಶನ ಮಾಡಿ ಬಂದರು. ನಾನು ಬ್ಯಾಂಕಿನ ಕೆಲಸ ಮುಗಿಸಿದೆ. ಪ್ಲೇಯರ್ ಮತ್ತೆ ದುಪ್ಪಟಿ ಹೊದ್ದು ವಿಶಾಖಪಟ್ಟಣಕ್ಕೆ ಬಂತು.

ಪ್ರೀ-ಆಂಪ್ ಎಂಬುದು ಸಾಬೂನಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದರ ಜೊತೆಗೇ ಈ ಪ್ಲೇಯರಿಗೆ ಹೊಂದುವ ಅಸಲಿ ಅಳತೆಯ ಬೆಲ್ಟನ್ನೂ ಇವರು ತರಿಸಿದ್ದರು. ತೆಳ್ಳಗಿನ, ನುಣುಪಾದ ಬೆಲ್ಟು. ಎಲ್ಲ ಜೋಡಿಸಿದಾಗ ದನಿ ಗಟ್ಟಿಯಾಗಿಯೇನೋ ಬಂತು, ಆದರೆ ಆ ಗುಂಯ್ ಗುಂಗೂ ಅಷ್ಟೇ ಗಟ್ಟಿಯಾಯಿತು. ಇವರು ತಂತಿಗಳನ್ನು ಕರೆಂಟಿನ ವಯರಿನಿಂದ ದೂರ ಸರಿಸಿದರು. ಪ್ಲಗ್ಗು ಬೇರೆ ಕಡೆ ಹಾಕಿದರು. ಗುಂಗು ಹೋಗಲಿಲ್ಲ. ನಾನು ಸುಮ್ಮನೆ ಪ್ಲೇಯರಿನ ಲೋಹದ ಭಾಗ ಮುಟ್ಟಿದೆ. ಗುಂಗು ತಗ್ಗಿತು. ಕೈ ತೆಗೆದೆ, ಮತ್ತೆ ಬಂತು.

"ಮತ್ತೆ ಮುಟ್ಟು" ಎಂದರು ಇವರು. ಮುಟ್ಟಿದೆ. "ಅರ್ಥಿಂಗ್ ಇಲ್ಲ! ಎಲ್ಲಾದ್ರೂ ಇನ್ನೊಂದು ತಂತಿ ಇರಬೇಕು ನೋಡು."

ಇತ್ತು. ಪ್ಲೇಯರಿನ ಹಿಂದೆ ಕೆಂಪು ಬಿಳಿ ತಂತಿಗಳ ಜೊತೆ ಹೊರಟ ಒಂದು ಹಸಿರು ಎಳೆಯನ್ನು ಯಾರೋ ಸುರುಳಿ ಮಾಡಿ ಟೇಪು ಅಂಟಿಸಿ ಇಟ್ಟಿದ್ದರು. ಅದನ್ನು ಬಿಡಿಸಿ, ತುದಿಯನ್ನು ಪ್ರೀ-ಆಂಪ್ ಪೆಟ್ಟಿಗೆಯ ಬೆನ್ನಿನಲ್ಲಿದ್ದ ಸಣ್ಣ ಸ್ಕ್ರೂಗೆ ಸುತ್ತಿ ಬಿಗಿ ಮಾಡಿದೆವು. ಗುಂಗು ಮಾಯವಾಯಿತು. ಹೊರಗೆ ರಸ್ತೆಯ ಆಟೋಗಳ ಸದ್ದು ಆಗ ಕೇಳಿಸಿತು.

ಅವ್ವ ಕುರ್ಚಿಯನ್ನು ಎರಡು ಸ್ಪೀಕರುಗಳ ನಡುವೆ ಎಳೆದುಕೊಂಡು ಕೂತಳು. ಹಾಡು ಶುರುವಾಯಿತು. ಒಂದು ಸಾಲು ಮುಗಿಯುವಷ್ಟರಲ್ಲಿ ಅವಳು ಕೈ ಎತ್ತಿದಳು.

"ಬ್ಯಾರೆ ರೆಕಾರ್ಡ್ ಹಚ್ಚೀ ಏನ?"

"ಅದ ಅವ್ವಾ, ನೀನ ಕೊಟ್ಟಿದ್ದು."

"ಇದು ಆಕಿ ದನಿ ಅಲ್ಲ. ಈಕಿ ಯಾರೋ ದೊಡ್ಡ ಹೆಂಗಸು. ಭಾಳ ಸಾವಕಾಶ ಹಾಡಾಕತ್ತಾಳ."

ನನಗೂ ಹಾಗೇ ಕೇಳಿಸಿತ್ತು. ಹಕ್ಕಿಯಂತೆ ಹಾರುತ್ತಿದ್ದ ದನಿ ನೆಲದ ಮೇಲೆ ನಡೆಯುತ್ತಿತ್ತು. ಹೊಸ ಬೆಲ್ಟು ಸರಿ ಇಲ್ಲವೆಂದು ನಾವು ತೀರ್ಮಾನಿಸಿದೆವು. ಇವರು ರೆಕಾರ್ಡಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ, ಗಡಿಯಾರ ನೋಡುತ್ತಾ ಸುತ್ತುಗಳನ್ನು ಎಣಿಸಿದರು. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಬೇಕು, ಅಷ್ಟೇ ಸುತ್ತುತ್ತಿತ್ತು. ಆದರೂ ಅವ್ವ ನಂಬಲಿಲ್ಲ. ಇವರು ಫೋನಿನಲ್ಲಿ ಅದೇ ಹಾಡನ್ನು, ಅದೇ ಗಾಯಕಿಯದನ್ನು ಹುಡುಕಿ ಹಚ್ಚಿದರು. ಅಲ್ಲೂ ಅದೇ ಸಾವಕಾಶದ ದೊಡ್ಡ ಹೆಂಗಸು.

ಇವರು ತಿರುಗುವ ತಟ್ಟೆಯತ್ತ ಬಗ್ಗಿ ನೋಡಿದರು. ಆಮೇಲೆ ಕೇಳಿದರು: "ಅತ್ತೆ, ಆ ಹಳೇ ಬೆಲ್ಟು ದಪ್ಪಗಿತ್ತಾ?"

"ಹೂಂ. ಟ್ಯೂಬಿಂದಲ್ಲೇನು."

"ಬೆಲ್ಟು ದಪ್ಪ ಆದ್ರೆ ಮೋಟಾರಿನ ಗಾಲಿ ದಪ್ಪ ಆದ ಹಾಗೆ. ತಟ್ಟೆ ಜೋರಾಗಿ ತಿರುಗುತ್ತೆ. ಜೋರಾಗಿ ತಿರುಗಿದ್ರೆ ಶ್ರುತಿ ಮೇಲೆ ಹೋಗುತ್ತೆ. ನೀವು ಇಷ್ಟು ವರ್ಷ ಕೇಳಿದ್ದು ಅವರ ನಿಜವಾದ ದನಿ ಅಲ್ಲ."

ಅವ್ವ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದಳು. ಹಾಡು ನಡೆದೇ ಇತ್ತು. ಅವಳ ತುಟಿ ಅಲ್ಲಾಡುತ್ತಿರುವುದು ನನಗೆ ಕಂಡಿತು. ಮೇಲಿನ ಜಾಗ ಬಂದಾಗ ಅವಳು ಕಣ್ಣು ಮುಚ್ಚಿ, ಬಹಳ ಸಣ್ಣ ದನಿಯಲ್ಲಿ ಜೊತೆಗೂಡಿದಳು. ದನಿಗೆ ವಯಸ್ಸಾಗಿತ್ತು, ನಡುವೆ ಬಿರುಕು ಬಿಟ್ಟಿತು. ಆದರೆ ಅಲ್ಲಿಗೆ ಮುಟ್ಟಿತು.

ಹಾಡು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು.

"ನಿಮ್ಮಪ್ಪ! ಟ್ಯೂಬು ಕತ್ತರಿಸಿ ಹಚ್ಚಿ, ಮ್ಯಾಲೆ ನಂಗ ನಗತಿದ್ರು. ಎಷ್ಟು ವರ್ಷ! ನಾ ಖರೇನ ತಿಳಕೊಂಡಿದ್ದೆ, ಮಕ್ಕಳಾದ ಮ್ಯಾಲೆ ನನ್ನ ದನಿ ಹೋತು ಅಂತ."

ಅಪ್ಪನಿಗೂ ಇದು ಗೊತ್ತಿರಲಿಲ್ಲ ಎಂದೆ. "ಗೊತ್ತಿರಲಿಲ್ಲ, ಹೌದು. ಗೊತ್ತಿದ್ರ ಬಿಡ್ತಿದ್ನೇನು ನಾನು?" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಉಸಿರಿನಲ್ಲಿ ನಗತೊಡಗಿದಳು. "ಹಂಗಾರ ನನ್ನ ದನಿ ಛಲೋನ ಇತ್ತು, ಅಲ್ಲ?" ಎಂದು ಅಳಿಯನನ್ನು ಕೇಳಿದಳು. ಅವರು ಅವ್ವನ ಹಾಡನ್ನು ಕೇಳಿದ್ದು ಅದೇ ಮೊದಲು. "ಚೆನ್ನಾಗೇ ಇದೆ ಅತ್ತೆ" ಎಂದರು.

ಅವ್ವ ಆಗಲೇ ಪಿನ್ನಿಗೆ ಫೋನು ಮಾಡಿ ಸಂಗತಿಯನ್ನೆಲ್ಲ ಹೇಳಿದಳು. ಪಿನ್ನಿ ಅಪ್ಪನ ಪರ ವಹಿಸದೆ ತಮ್ಮ ಕತ್ತರಿಯ ದೂರನ್ನು ಮತ್ತೆ ತೆಗೆದರಂತೆ. ಅಣ್ಣನಿಗೂ ತಿಳಿಸಿದೆವು. ಅವನು ಹುಬ್ಬಳ್ಳಿಯಿಂದ ಫೋನಿನಲ್ಲೇ ಹೊಸ ವೇಗದ ಹಾಡನ್ನು ಕೇಳಿ, "ಛೇ, ಇದರಾಗ ಮಜಾ ಇಲ್ಲಬಿಡು. ನಮ್ಮದ ಛಲೋ ಇತ್ತು" ಎಂದ.

ಅವನು ಹೇಳಿದ್ದು ನನಗೆ ಅರ್ಥವಾಯಿತು. ನನಗೂ ಒಳಗೊಳಗೇ ಹಾಗೇ ಅನಿಸಿತ್ತು. ನನ್ನ ಬಾಲ್ಯವೆಲ್ಲ ಆ ತಪ್ಪು ವೇಗದಲ್ಲೇ ಇದೆ. ಮುಚ್ಚಿದ ಕಿಟಕಿ, ಒದ್ದೆ ನೆಲ, ಚಹಾದ ವಾಸನೆ, ಮೆಟ್ಟಿಲು ಹತ್ತಿ ಬರುವ ಪಿನ್ನಿಯ ಕಾಲುಂಗುರದ ಸದ್ದು ಎಲ್ಲವೂ ಆ ಅವಸರದ ಹಾಡಿನ ಜೊತೆಗೇ ನೆನಪಾಗುತ್ತವೆ. ಒಂದು ದಿನ ಅವ್ವ ಸ್ನಾನಕ್ಕೆ ಹೋಗಿದ್ದಾಗ, ಫೋನಿನಲ್ಲಿ ಹಾಡಿನ ವೇಗ ಹೆಚ್ಚಿಸಲು ಬರುತ್ತದೆಯೇ ಎಂದು ಇವರನ್ನು ಕೇಳಿದೆ. ಮಾಡಿ ತೋರಿಸಿದರು. ಸುಮಾರಾಗಿ ಹೊಂದಿತು. ಆದರೆ ಬಾತ್‌ರೂಮಿನ ಬಾಗಿಲು ತೆರೆದ ಸದ್ದಾದ ತಕ್ಷಣ ನಿಲ್ಲಿಸಿಬಿಟ್ಟೆ. ಮತ್ತೆ ಯಾವತ್ತೂ ಹಚ್ಚಿಲ್ಲ.

ಈಗ ಅವ್ವ ಬೆಳಗಿನ ಹೊತ್ತು ಪ್ಲೇಯರ್ ಹಚ್ಚಿಕೊಂಡು ಹಾಡುತ್ತಾಳೆ. ಮೊದಮೊದಲು ನಾವು ಕೆಲಸಕ್ಕೆ ಹೋದ ಮೇಲೆ ಮಾತ್ರ ಹಾಡುತ್ತಿದ್ದಳು. ಬರಬರುತ್ತಾ ನಾವಿದ್ದಾಗಲೂ ಶುರುವಾಯಿತು. ಉಸಿರು ಸಾಲದ ಕಡೆ ನಿಲ್ಲಿಸಿ, ಮುಳ್ಳನ್ನು ಎತ್ತಿ, ಅದೇ ಸಾಲಿಗೆ ಮತ್ತೆ ಇಡುತ್ತಾಳೆ. ರೆಕಾರ್ಡು ಕೆಡುತ್ತದೆ ಎಂದರೆ, "ಕೆಡಲಿ, ಇನ್ನೆಷ್ಟ ದಿನಾ ಅದನ್ನ ಜ್ವಾಕಿ ಮಾಡೂದದ?" ಎನ್ನುತ್ತಾಳೆ.

ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಲಲಿತಾ ಸಹಸ್ರನಾಮ ಓದುತ್ತಾರೆ. ಹೋದ ತಿಂಗಳು ನಮ್ಮ ಮನೆಯಲ್ಲಿತ್ತು. ಪಾರಾಯಣ ಮುಗಿದ ಮೇಲೆ ಎದುರು ಮನೆಯಾಕೆ, "ದಿನಾ ಬೆಳಿಗ್ಗೆ ನೀವು ಹಾಡೋದು ಕೇಳಿಸುತ್ತೆ, ಒಂದು ಹಾಡಿ" ಎಂದು ತೆಲುಗಿನಲ್ಲಿ ಅವ್ವನನ್ನು ಕೇಳಿದರು. ಅವ್ವ ಬೇಡವೆನ್ನುತ್ತಾಳೆಂದು ಕಾದೆ. ಅವಳು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ತನಗೆ ಹೊಂದುವ ಶ್ರುತಿಯಲ್ಲಿ ಎತ್ತಿಕೊಂಡಳು. ನಡುವೆ ಒಂದು ಸಾಲು ಮರೆತಳು. "ತಡೀರಿ, ಬರ್ತದ" ಎಂದು ಕನ್ನಡದಲ್ಲೇ ಹೇಳಿ, ತೊಡೆಯ ಮೇಲೆ ತಾಳ ಹಾಕುತ್ತಾ ಕಣ್ಣು ಮುಚ್ಚಿ ಕೂತಳು. ಯಾರೂ ಅವಸರ ಮಾಡಲಿಲ್ಲ. ಸಾಲು ನೆನಪಾಯಿತು, ಮುಂದುವರಿಸಿದಳು. ನಾನು ಒಳಗೆ ಹೋಗಿ ಕಡಲೆ ಉಸುಳಿಯನ್ನು ಬಟ್ಟಲುಗಳಿಗೆ ಹಾಕತೊಡಗಿದೆ.